ತೂಕಕ್ಕೆ ಕೂತವರು

ನಮ್ಮ ಊರಿನಲ್ಲಿ ಮದುವೆ ಗೊತ್ತಾದರೆ ಜನ ಮೊದಲು ಕೇಳುತ್ತಿದ್ದದ್ದು ಹುಡುಗ ಏನು ಕೆಲಸದಲ್ಲಿದ್ದಾನೆ ಎಂದಲ್ಲ, ಪಡುವಲ ಕೊನೆಯಲ್ಲಿ ತೂಕಕ್ಕೆ ಕೂರಲು ಎಷ್ಟು ಜನ ಸಿಗುತ್ತಾರೆ ಎಂದು. ಮದುವೆ ಛತ್ರ ಇರುವುದು ಊರಿನ ಮೂಡಲ ಭಾಗದಲ್ಲಿ. ಅಲ್ಲಿ ಇನ್ನೂರು ಜನ ಸೇರಿದರೆ ಊರೇ ತಕ್ಕಡಿಯ ಹಾಗೆ ಆ ಕಡೆಗೆ ವಾಲುತ್ತದೆ. ವಾಲದೆ ಇರಬೇಕಾದರೆ ಈ ಕೊನೆಯಲ್ಲಿ ಯಾರಾದರೂ ಕೂತಿರಬೇಕು. ಯಾರಾದರೂ ಅಂದರೆ ನಾವು, ಗಂಡ ಸತ್ತ ಇಪ್ಪತ್ತೆರಡು ಹೆಂಗಸರು. ಹೇಗಿದ್ದರೂ ಮದುವೆ ಮನೆಗೆ ನಮ್ಮನ್ನು ಕರೆಯುವ ಹಾಗಿರಲಿಲ್ಲ. ಸುಮ್ಮನೆ ಮನೆಯಲ್ಲಿ ಕೂರುವ ಬದಲು ಊರಿನ ಕೊನೆಯಲ್ಲಿ ಕೂರಲಿ ಎಂದು ಯಾವನೋ ಬುದ್ಧಿವಂತ ಮುತ್ತಾತ ಲೆಕ್ಕ ಹಾಕಿದ್ದ.

ನನ್ನ ಹೆಸರು ಸಿಂಗಾರಮ್ಮ. ಸಿಂಗಾರ ಹೋಗಿ ನಲವತ್ತೊಂದು ವರ್ಷವಾಯಿತು, ಹೆಸರು ಮಾತ್ರ ಉಳಿದುಕೊಂಡಿದೆ. ಓದಿದ್ದು ಮೂರನೇ ಕ್ಲಾಸಿನ ಅರ್ಧದವರೆಗೆ. ಇನ್ನರ್ಧವನ್ನೂ ಓದಿದ್ದರೆ ಈ ಕಥೆ ಇನ್ನೂ ಉದ್ದವಾಗುತ್ತಿತ್ತು, ನೀವು ಬಚಾವಾದಿರಿ. ನಾನು ಸುಳ್ಳು ಹೇಳುವವಳಲ್ಲ. ಇದ್ದದ್ದನ್ನು ನಾದಿ ಸ್ವಲ್ಪ ಉಬ್ಬಲು ಬಿಡುತ್ತೇನೆ, ಅಷ್ಟೆ.

ಹೊರಗಿನಿಂದ ಬಂದವರು ನಮ್ಮ ಊರನ್ನು ನೋಡಿ ಗೋಡೆ ಹಿಡಿದುಕೊಳ್ಳುತ್ತಾರೆ. ನಮಗೆ ಅದೇನೂ ದೊಡ್ಡದಲ್ಲ. ನಮ್ಮ ತಟ್ಟೆಗಳಿಗೆ ಅಂಚು ಎತ್ತರ. ಲೋಟಕ್ಕೆ ಮುಕ್ಕಾಲಿನ ಮೇಲೆ ಕಾಫಿ ಬಗ್ಗಿಸುವುದಿಲ್ಲ. ಬಾಗಿಲಿಗೆ ಅಗುಳಿಯ ಜೊತೆ ಒಂದು ಗುಂಡುಕಲ್ಲು. ಸಂತೆಯ ದಿನ ತೊಟ್ಟಿಲು ತೂಗುವ ಕೆಲಸವೇ ಇಲ್ಲ, ಊರೇ ತೂಗಿಕೊಡುತ್ತದೆ. ಓಟಿನ ಕಾಲದಲ್ಲಿ ಎರಡು ಪಾರ್ಟಿಯವರು ಎರಡು ಕೊನೆಯಲ್ಲಿ ಪೆಂಡಾಲು ಹಾಕುತ್ತಾರೆ. ಗೆದ್ದವರು ಯಾರೆಂದು ಓಟು ಎಣಿಸುವ ಮೊದಲೇ ಒಲೆಯ ಮೇಲಿನ ಸಾರು ಹೇಳಿಬಿಡುತ್ತದೆ. ನಿಜವಾದ ಅನಾಹುತ ಆದದ್ದು ಒಂದೇ ಸಲ, ಸೀಮೆಎಣ್ಣೆ ಅಂಗಡಿಯವರ ಮಗನ ಮದುವೆಯಲ್ಲಿ. ಆ ದಿನ ನಮ್ಮಲ್ಲಿ ನಾಲ್ವರು ಜ್ವರ ಬಂದು ಮಲಗಿದ್ದರು. ಊರು ಮೂಡಲಕ್ಕೆ ಎಷ್ಟು ವಾಲಿತೆಂದರೆ ಕ್ಷೌರಕ್ಕೆ ಕೂತಿದ್ದ ಗಂಡಿನ ಭಾವನಿಗೆ ಒಂದು ಕಡೆಯ ಮೀಸೆ ಉಳಿಯಿತು, ಇನ್ನೊಂದು ಕಡೆಯದು ಹೋಯಿತು. ಮೂರು ಮೇಕೆಗಳೂ ಒಬ್ಬ ಬ್ಯಾಂಕಿನ ಗುಮಾಸ್ತನೂ ಬೀದಿಯಲ್ಲಿ ಜಾರಿಕೊಂಡು ನೇರ ಛತ್ರದೊಳಗೇ ಬಂದರು. ಮೇಕೆಗಳನ್ನು ಓಡಿಸಿದರು, ಗುಮಾಸ್ತನಿಗೆ ಎಲೆ ಹಾಕಿದರು.

ಇಪ್ಪತ್ತೆರಡು ಒಣಕಲು ಮುದುಕಿಯರು ಇನ್ನೂರು ಜನಕ್ಕೆ ಸಮ ಆಗುವುದು ಹೇಗೆ ಎಂದು ನೀವು ಕೇಳಬಹುದು. ನಮ್ಮ ಹಿರಿಯರೂ ಕೇಳಿಕೊಂಡಿದ್ದರು, ಉತ್ತರವನ್ನೂ ಕಂಡುಕೊಂಡಿದ್ದರು. ದುಃಖಕ್ಕೆ ಭಾರ ಹೆಚ್ಚು. ಗಂಡ ಸತ್ತವಳ ಎದೆಯಲ್ಲಿ ಕೊರಡು ಇರುತ್ತದೆ, ಅದಕ್ಕೇ ಒಬ್ಬೊಬ್ಬಳು ಹತ್ತು ಜನರ ಸಮ. ಮುತ್ತೈದೆಯನ್ನು ಅಲ್ಲಿ ಕೂರಿಸಿದರೆ ಹತ್ತಿಯ ಮೂಟೆ ಕೂರಿಸಿದ ಹಾಗೆ. ಆದ್ದರಿಂದ ತೂಕಕ್ಕೆ ಕೂತಾಗ ನಗಬಾರದು ಎಂದು ಕಟ್ಟಳೆ. ನಕ್ಕರೆ ಭಾರ ಇಳಿಯುತ್ತದೆ, ಅತ್ತ ಕಡೆ ಮದುಮಕ್ಕಳು ಜಾರುತ್ತಾರೆ. ನಾವು ಸೆರಗು ಬಾಯಿಗೆ ತುರುಕಿಕೊಂಡು ನಕ್ಕಿದ್ದೇವೆ. ನಾನು ಚೇರ್ಮನ್ನರ ನಡಿಗೆ ಮಾಡಿ ತೋರಿಸಿದರೆ ಇಪ್ಪತ್ತೊಂದು ಜನ ಕಲ್ಲಿನ ಜಗಲಿಯ ಮೇಲೆ ಉರುಳಾಡಿದ್ದೂ ಉಂಟು. ಊರು ಒಂದು ಎಳ್ಳಿನಷ್ಟೂ ಅಲ್ಲಾಡಲಿಲ್ಲ. ಆದರೂ ನಮಗೆ ಯಾರಿಗೂ ಅನುಮಾನ ಬರಲಿಲ್ಲ ನೋಡಿ. ನಮ್ಮ ದುಃಖ ಅಷ್ಟು ಗಟ್ಟಿ, ನಗುವಿಗೂ ಜಗ್ಗುವುದಿಲ್ಲ ಎಂದು ಒಳಗೊಳಗೇ ಹೆಮ್ಮೆಪಟ್ಟುಕೊಂಡೆವು.

ಜಗಲಿಯ ಮೇಲೆ ಒಂದು ಹಿತ್ತಾಳೆ ತಟ್ಟೆ, ತಟ್ಟೆಯಲ್ಲಿ ಒಂದು ನಿಂಬೆಹಣ್ಣು. ಹಣ್ಣು ನಡುವೆ ನಿಂತಿದ್ದರೆ ಊರು ಸಮ. ಅದನ್ನು ನೋಡುವ ಕೆಲಸ ನನ್ನದು. ನನ್ನ ಸ್ವಂತ ಮಗಳ ಮದುವೆಯನ್ನೂ ನಾನು ಹಾಗೇ ನೋಡಿದ್ದು. ಅವಳ ಅಪ್ಪ ಹೋಗಿ ಬಹಳ ವರ್ಷವಾಗಿತ್ತು, ನಾನು ಇಲ್ಲಿ, ಅವಳು ಅಲ್ಲಿ ಛತ್ರದಲ್ಲಿ. ತಾಳಿ ಕಟ್ಟುವ ಹೊತ್ತಿಗೆ ಎಲ್ಲರೂ ನೋಡಲು ಒಟ್ಟಿಗೆ ಮುಂದಕ್ಕೆ ಬಾಗುತ್ತಾರಲ್ಲ, ಆಗ ನಿಂಬೆಹಣ್ಣು ಒಂದು ಬೆರಳು ಹೊರಳಿ ವಾಪಸು ಬಂತು. ಓಹೋ, ಕಟ್ಟಿದ ಅಂದುಕೊಂಡೆ. ಆಮೇಲೆ ಎಲೆಯಲ್ಲಿ ಸುತ್ತಿದ ಊಟ ಬಂತು. ಪಾಯಸ ತಣ್ಣಗಾಗಿತ್ತು.

ಆ ಮಗಳ ಮಗಳು ಚಂದ್ರಿ. ಗದ್ದೆ ಕೆಲಸದ ಗಲಾಟೆಯಲ್ಲಿ ಮಗಳು ಅವಳನ್ನು ನನ್ನ ಹತ್ತಿರ ಬಿಟ್ಟಳು, ಅವಳು ಬೆಳೆದದ್ದು ನನ್ನ ಮಡಿಲಲ್ಲೇ. ಅವಳಿಗೆ ಗಂಡು ಗೊತ್ತಾಯಿತು. ನನಗೆ ಬೇರೆ ಆಸೆಗಳು ಒಂದೊಂದಾಗಿ ಉದುರಿ ಹೋಗಿದ್ದವು, ಹಲ್ಲಿನ ಹಾಗೆ. ಇದೊಂದು ಮಾತ್ರ ಗಟ್ಟಿಯಾಗಿ ಉಳಿದಿತ್ತು. ಈ ಹುಡುಗಿಯ ಕೊರಳಿಗೆ ತಾಳಿ ಬೀಳುವುದನ್ನು ನನ್ನ ಎರಡು ಕಣ್ಣಿನಿಂದ ನೋಡಬೇಕು. ಅವಳ ಹಟ ನನ್ನದಕ್ಕಿಂತ ದೊಡ್ಡದು. "ನೀನು ಮುಂದೆ ಕೂತ್ಕಳ್ಳದಿದ್ರೆ ನಾ ತಲೆ ಎತ್ತಕಿಲ್ಲ ಕಣಜ್ಜಿ. ಅವ್ನು ತಾಳಿಯ ಎಲ್ಲಿ ಕಟ್ತಾನೋ ಕಟ್ಕಳ್ಲಿ" ಅಂದಳು. ಹಾಗೆಂದು ನಾನು ಎದ್ದು ಹೋಗುವ ಹಾಗಿಲ್ಲ. ಒಬ್ಬಳು ಹೋದರೆ ಹತ್ತು ಜನರ ಭಾರ ಹೋದ ಹಾಗೆ, ಅವಳದೇ ಮದುವೆಯಲ್ಲಿ ಅವಳದೇ ದೀಪ ಮಗುಚಿಕೊಳ್ಳುತ್ತದೆ.

ಆ ವರ್ಷ ಶಾಲೆಗೆ ಓಬಳೇಶ ಎಂಬ ಹೊಸ ಮೇಷ್ಟ್ರು ಬಂದರು. ಕಡ್ಡಿಯಂಥ ಮನುಷ್ಯ, ನಮ್ಮ ಬೀದಿಯಲ್ಲಿ ನಡೆಯುವುದನ್ನು ಕಲಿಯಲು ಅವರಿಗೆ ಹದಿನೈದು ದಿನ ಹಿಡಿಯಿತು. ಕಲಿತ ಮೇಲೆ ಪುಸ್ತಕ ಮುಚ್ಚಿಟ್ಟು, ಭೂಗೋಳವನ್ನೂ ವಿಜ್ಞಾನವನ್ನೂ ಕೈಯಲ್ಲಿ ಮಾಡಿ ಕಲಿಯಬೇಕು ಎಂದು ಮಕ್ಕಳಿಗೆ ಹೇಳಿದರು. ಒಂದು ದಿನ ಖಾಲಿ ಟಾನಿಕ್ ಬಾಟಲಿ ತನ್ನಿ ಎಂದರು. ನೀರು ತುಂಬಿ ಒಂದು ಗುಳ್ಳೆ ಬಿಟ್ಟು ಬಿರಡೆ ಹಾಕಿ ಅಡ್ಡ ಮಲಗಿಸಿದರೆ, ಊರು ಯಾವ ಕಡೆ ವಾಲಿದೆ ಎಂದು ಗುಳ್ಳೆ ಹೇಳುತ್ತಿತ್ತು. ಇನ್ನೊಂದು ದಿನ ತೆಂಗಿನ ನಾರಿನ ಹಗ್ಗ ಹಿಡಿಸಿ ದೊಡ್ಡ ಬೀದಿಯನ್ನು ಈ ಕೊನೆಯಿಂದ ಆ ಕೊನೆಗೆ ಅಳೆಸಿದರು. ಶಾಲೆಯ ಬಾಗಿಲಿನಿಂದ ಎರಡೂ ಕಡೆಗೆ ಇಪ್ಪತ್ತು ಹೆಜ್ಜೆಗೊಂದು ಸುಣ್ಣದ ಗೆರೆ, ಒಂದೊಂದು ಕಡೆ ಒಂಬತ್ತು. ಮನೆಮನೆಯ ಅಪ್ಪಂದಿರು ಬಂದು ಗೊಣಗಿದರು. ಮಣ್ಣಾಡುವುದಕ್ಕೆ ಶಾಲೆ ಬೇಕೇ, ನಾವು ಮನೆಯಲ್ಲೇ ಬಿಟ್ಟಿಯಾಗಿ ಆಡಿಸುತ್ತಿದ್ದೆವಲ್ಲ ಎಂದರು. ಮೇಷ್ಟ್ರು ನಕ್ಕು, ನಾಳೆ ಬರುವಾಗ ಒಂದು ಲಟ್ಟಣಿಗೆ ಕಳಿಸಿಕೊಡಿ ಎಂದರು.

ಅದೇ ವಾರ ಮಕ್ಕಳು ನನ್ನ ಮನೆಗೆ ಬಂದರು. ನಾನು ಹುಣಸೆಹಣ್ಣು ಬಡಿದು ಬೀಜ ಬಿಡಿಸುವವಳು, ನನ್ನ ಹಿತ್ತಲಲ್ಲಿ ಇರುವಷ್ಟು ಹುಣಸೆ ಬೀಜ ಆಕಾಶದಲ್ಲಿ ಚುಕ್ಕಿಯೂ ಇಲ್ಲ. ಆರನೇ ಕ್ಲಾಸಿನ ಮಂಗಳಿ, ಮೂಗಿಗಿಂತ ಮೊದಲು ಬಾಯಿ ಬೆಳೆದ ಹುಡುಗಿ, ಇನ್ನೂರ ನಲವತ್ತನಾಲ್ಕು ಬೀಜ ಕೇಳಿದಳು. ಇಪ್ಪತ್ತೆರಡಕ್ಕೆ ಬೇರೆಯಾಗಿ ಸುಣ್ಣ ಬಳಿದಳು. ಅದು ಯಾಕೆ ಅಂದರೆ, "ಅದು ನೀವು ಕಣಜ್ಜಿ" ಅಂದಳು. ಎಪ್ಪತ್ತು ವರ್ಷ ಬದುಕಿ ಕೊನೆಗೆ ಹುಣಸೆ ಬೀಜವಾದೆನಲ್ಲ, ನೋಡಿಯೇ ಬಿಡೋಣ ಎಂದು ಸೆರಗು ಸರಿಮಾಡಿಕೊಂಡು ಅವರ ಹಿಂದೆ ಹೋದೆ.

ಶಾಲೆಯ ಅಂಗಳದಲ್ಲಿ ಒಂದು ಉದ್ದ ಹಲಗೆ, ಅದರ ನಟ್ಟನಡುವೆ ಅಡಿಯಲ್ಲಿ ಲಟ್ಟಣಿಗೆ. ಹಲಗೆಯ ಮೇಲೆ ನಮ್ಮ ಊರು. ಜೇಡಿಮಣ್ಣಿನ ಮನೆಗಳು, ಬೆಂಕಿಕಡ್ಡಿಯ ಲೈಟುಕಂಬಗಳು, ಸುಣ್ಣದ ಗೆರೆಗಳು ಹಗ್ಗದಲ್ಲಿ ಅಳೆದ ಹಾಗೆಯೇ. ನನ್ನ ಮನೆಯೂ ಇತ್ತು. ಹಿತ್ತಲು ಚಿಕ್ಕದು ಮಾಡಿದ್ದಾರೆ ಎಂದು ಜಗಳ ತೆಗೆದೆ, ಎರಡು ಚಿಟಿಕೆ ಮಣ್ಣು ತಟ್ಟಿ ಸಮಾಧಾನ ಮಾಡಿದರು. ಛತ್ರದ ಜಾಗದಲ್ಲಿ, ಶಾಲೆಯಿಂದ ಬರೀ ಒಂದು ಗೆರೆಯ ಆಚೆ, ಇನ್ನೂರು ಬೀಜ ಸುರಿದರು. ಹಲಗೆ ಮೂಡಲಕ್ಕೆ ಕುಸಿಯಿತು. ಮಂಗಳಿ ಸುಣ್ಣದ ಬೀಜಗಳನ್ನು ಪಡುವಲದ ಒಂದನೇ ಗೆರೆಯಲ್ಲಿ ಇಟ್ಟಳು. ಹಲಗೆ ಅಲ್ಲಾಡಲಿಲ್ಲ. ಐದನೇ ಗೆರೆಗೆ ತಳ್ಳಿದಳು, ಸ್ವಲ್ಪ ಕದಲಿತು. ಕೊನೆಯ ಗೆರೆಗೆ, ನಮ್ಮ ಕಲ್ಲಿನ ಜಗಲಿಗೆ ತಳ್ಳಿದಳು. ಹಲಗೆ ಮೆಲ್ಲಗೆ ಎದ್ದು ನೇರ ನಿಂತಿತು. ಟಾನಿಕ್ ಬಾಟಲಿಯ ಗುಳ್ಳೆ ನಡುವಿಗೆ ಬಂತು. ನನ್ನ ಕಣ್ಣಲ್ಲಿ ನೀರು ಬಂತು ಎಂದರೆ ನಂಬಿ, ಒಂದು ಕೊಡ ತುಂಬುವಷ್ಟು. ನೋಡಿ, ನಮ್ಮ ದುಃಖದ ಬಲ ಅಂದೆ.

ಮಂಗಳಿ ಸುಮ್ಮನಿರಬಾರದೇ. ಸುಣ್ಣದ ಬೀಜಗಳನ್ನೆಲ್ಲ ಎತ್ತಿಕೊಂಡು, ಅದೇ ಜಾಗದಲ್ಲಿ ಮಿಕ್ಕಿದ್ದ, ಸುಣ್ಣ ಬಳಿಯದ ಇಪ್ಪತ್ತೆರಡು ಬೀಜ ಇಟ್ಟಳು. ಹಲಗೆ ನೇರವೇ ನಿಂತಿತ್ತು. ಮೇಷ್ಟ್ರು ನೆಲ ನೋಡುತ್ತ, ಇದು ದೂರದ ಬಲ ಅಜ್ಜಿ ಎಂದರು. ನಡುವಿನಿಂದ ದೂರ ಹೋದಷ್ಟೂ ಸ್ವಲ್ಪ ತೂಕವೂ ಬಹಳ ತೂಗುತ್ತದೆ, ಕೂತವರು ಯಾರಾದರೂ ಒಂದೇ, ನಕ್ಕರೂ ಒಂದೇ ಅತ್ತರೂ ಒಂದೇ ಎಂದರು.

"ಹಂಗಾದ್ರೆ ನಲವತ್ತೊಂದು ವರ್ಷ ನಾನು ಮೊಕ ಬಿಗ್ಕಂಡು ಕೂತಿದ್ದು ಯಾರ ಸುಖಕ್ಕೆ ಮೇಷ್ಟ್ರೆ?" ಎಂದು ಕೇಳಿದೆ.

ನನಗೆ ಸಿಟ್ಟು ಬರಬೇಕಿತ್ತು, ಬಂದದ್ದು ನಗು. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡು ಕೂತೆ. ಆಮೇಲೆ ಆ ಇನ್ನೂರು ಬೀಜಗಳನ್ನು ನಾನೇ ಬೊಗಸೆಯಲ್ಲಿ ಎತ್ತಿ, ಲಟ್ಟಣಿಗೆ ಇರುವ ಜಾಗದ ಸರಿಯಾಗಿ ಮೇಲೆ, ಶಾಲೆಯ ಅಂಗಳದಲ್ಲಿ ಸುರಿದೆ. ಪಡುವಲದ ಕೊನೆಯಿಂದ ಬೀಜ ತೆಗೆಸಿದೆ. ಹಲಗೆ ಗರುಡಗಂಬದ ನೆರಳಿನ ಹಾಗೆ ಅಲ್ಲಾಡದೆ ನಿಂತಿತು. ಇಲ್ಲಿ ಮದುವೆ ಮಾಡಿದರೆ ತೂಕಕ್ಕೆ ಎಷ್ಟು ಜನ ಬೇಕು ಎಂದು ಕೇಳಿದೆ. ಯಾರೂ ಬೇಡ ಎಂದರು ಮೇಷ್ಟ್ರು. ಇಷ್ಟು ದಿನ ಇದು ಯಾರಿಗೂ ಹೊಳೆಯಲಿಲ್ಲವೇ ಎಂದು ಅವರು ಆಶ್ಚರ್ಯಪಟ್ಟರು. ಹೊಳೆಯುವುದು ಹೇಗೆ? ನಮ್ಮ ಊರಿನಲ್ಲಿ ಮರ್ಯಾದಸ್ಥರು ನಡುವೆ ಇರುವುದಿಲ್ಲ. ಇದ್ದರೂ ಹೋದರೂ ಊರು ಕದಲದ ಜಾಗದಲ್ಲಿ ಯಾರು ಮನೆ ಕಟ್ಟುತ್ತಾರೆ? ಅದಕ್ಕೇ ಆ ಜಾಗವನ್ನು ಶಾಲೆಗೆ ಬಿಟ್ಟಿದ್ದರು.

ನಾನು ನೇರ ಚೇರ್ಮನ್ ಮರಿಸಿದ್ದಪ್ಪನವರ ಮನೆಗೆ ಹೋದೆ. ಅವರದು ಎಂಥ ಮೈ ಎಂದರೆ, ಅವರು ಮಗ್ಗುಲು ಬದಲಿಸಿದರೆ ಬೀದಿಯಲ್ಲಿ ಸೈಕಲ್ಲುಗಳು ಬೀಳುತ್ತವೆ. ಹಲಗೆಯ ಮೇಲೆ ಮಕ್ಕಳು ಅವರಿಗೆ ಬೀಜ ಸಾಲದೆಂದು ಬೆಲ್ಲದ ಅಚ್ಚು ಇಟ್ಟಿದ್ದರು. ಸಂಜೆಯೊಳಗೆ ಚೇರ್ಮನ್ನರಿಗೆ ಇರುವೆ ಮುತ್ತಿತ್ತು. ನನ್ನ ಮಾತನ್ನು ಅವರು ಎಲೆ ಅಡಿಕೆ ಅಗಿಯುತ್ತ ಕೇಳಿದರು. ಶಾಲೆಯ ಅಂಗಳದಲ್ಲಿ ಮದುವೆಯೇ, ಎರಡೂ ಕೊನೆ ಖಾಲಿಯೇ ಎಂದು ಎರಡು ಸಲ ಕೇಳಿದರು. ಅವರಿಗೆ ತೂಕದ ಲೆಕ್ಕ ಅರ್ಥವಾಗದೆ ಇರಲಿಲ್ಲ, ಅವರ ಕಷ್ಟ ಬೇರೆ.

"ಅಲ್ಲ ಸಿಂಗಾರವ್ವ, ಯಾರೂ ಹಿಡ್ಕಳ್ದೆ ಊರು ನಿಲ್ತದಾ?" ಎಂದರು. "ನಾಳೆ ಹೊರಗ್ನೋರು ಬಂದು ನಿಮ್ಮೂರ ಯಾರು ಹಿಡ್ಕಂಡವ್ರೆ ಅಂದ್ರೆ ಏನು ಹೇಳನ? ಯಾರೂ ಇಲ್ಲ, ಅದ್ರ ಪಾಡಿಗದು ನಿಂತದೆ ಅನ್ನನಾ?"

ಆಗ ನನಗೆ ದಾರಿ ಕಂಡಿತು. ಬಾಗಿಲವರೆಗೆ ಹೋದವಳು ವಾಪಸು ಬಂದು ಕೆಳಗೆ ಕೂತೆ.

"ನಾನೂ ಅದ್ನೇ ಏಳ್ತಿರದು. ಚೇರ್ಮನ್ರು ಗಟ್ಟಿಮುಟ್ಟಾಗಿರೋವಾಗ ಊರ ಒಣಗಿದ ಮುಂಡೇರು ಹಿಡ್ಕಂಡವ್ರೆ ಅಂದ್ರೆ ಮರ್ಯಾದೆ ಯಾರದು ಹೋಯ್ತದೆ? ಮೇಷ್ಟ್ರು ಹಲಗೆ ಮೇಲೆ ತೋರಿಸವ್ರೆ, ನಮ್ಮ ದುಃಖಕ್ಕೆ ತೂಕ ಇಲ್ವಂತೆ. ಪಡುವಲಕ್ಕೆ ಬೇಕಾಗಿರೋದು ನಿಮ್ಮಂಥೋರು."

ಅವರು ಅಗಿಯುವುದನ್ನು ನಿಲ್ಲಿಸಿದರು. ಸ್ವಲ್ಪ ಹೊತ್ತು ಗೋಡೆಯ ಮೇಲಿನ ತಮ್ಮದೇ ಫೋಟೋ ನೋಡಿದರು. ಆಮೇಲೆ ದನಿ ಇಳಿಸಿ, ತಮಗೆ ಅಂಥ ದುಃಖವೇನೂ ಇಲ್ಲವಲ್ಲ, ನಡೆಯುತ್ತದೆಯೇ ಎಂದು ಕೇಳಿದರು. ದುಃಖ ಬೇಡ, ಮುಖ ಇಳಿಬಿಟ್ಟುಕೊಂಡು ಕೂತರೆ ಸಾಕು, ನಗುವುದೊಂದು ಮಾಡಬೇಡಿ ಎಂದು ನಾನು ಹೇಳಿಕೊಟ್ಟೆ. ನಲವತ್ತೊಂದು ವರ್ಷದ ಕಸುಬು, ಒಂದು ಮಾತಿನಲ್ಲಿ ದಾನ ಮಾಡಿಬಿಟ್ಟೆ.

ಆದರೆ ಒಬ್ಬರೇ ಕೊನೆಯಲ್ಲಿ ಕೂತರೆ ಊರು ಅವರ ಕಡೆಗೆ ವಾಲುತ್ತದಲ್ಲ. ಅದಕ್ಕೆ ನಾನು ಮಜ್ಜಿಗೆ ಕೇಳುವ ನೆವದಲ್ಲಿ ಹಳೆಯ ಚೇರ್ಮನ್ ಕಾಳಿಂಗಯ್ಯನವರ ಮನೆಗೂ ಹೋಗಿ ಬಂದೆ. ಅವರೂ ಮೈಯಲ್ಲಿ ಕಡಿಮೆ ಇಲ್ಲ. ಇಬ್ಬರೂ ಮಾತು ಬಿಟ್ಟು ಒಂಬತ್ತು ವರ್ಷ. ಇವರು ಪೂರ್ವ ಅಂದರೆ ಅವರು ಪಶ್ಚಿಮ ಅನ್ನುತ್ತಾರೆ ಎನ್ನುವುದು ನಮ್ಮ ಊರಿನಲ್ಲಿ ಬರೀ ಮಾತಲ್ಲ, ಮನೆಗಳೇ ಹಾಗಿವೆ. ಚಂದ್ರಿಯ ಮದುವೆಯಲ್ಲಿ ಮರಿಸಿದ್ದಪ್ಪನವರು ಪಡುವಲ ಹಿಡಿಯುತ್ತಾರಂತೆ, ಪಾಪ ಒಬ್ಬರೇ, ಎಂದು ಮಜ್ಜಿಗೆಗೆ ಉಪ್ಪು ಹಾಕುತ್ತ ಹೇಳಿದೆ. ಲೋಟ ಖಾಲಿಯಾಗುವಷ್ಟರಲ್ಲಿ ಅವರು ಮೂಡಲ ಕೊನೆಯನ್ನು ತಾವು ಹಿಡಿಯುವುದಾಗಿ ಸಾರಿಬಿಟ್ಟಿದ್ದರು. ಸಂಜೆ ಇದನ್ನು ಕೇಳಿ ಮೇಷ್ಟ್ರು ಬೆವರಿದರು. ಅವರಿಬ್ಬರೂ ಬೇಡವಲ್ಲ ಅಜ್ಜಿ, ಇದು ಸುಳ್ಳಾಗುವುದಿಲ್ಲವೇ ಎಂದರು. ಹಾಗಿದ್ದರೆ ಬೇಡ ಎಂದು ನೀವೇ ಹೋಗಿ ಹೇಳಿ ಬನ್ನಿ ಎಂದೆ. ಮೇಷ್ಟ್ರು ಹಲಗೆಯ ಮೇಲಿನ ಲೈಟುಕಂಬ ನೆಟ್ಟಗೆ ಮಾಡತೊಡಗಿದರು.

ಮದುವೆಯ ದಿನ ಶಾಲೆಯ ಅಂಗಳದಲ್ಲಿ ಚಪ್ಪರ ಎದ್ದಿತು. ಕರಿಹಲಗೆಯ ಮೇಲೆ ಹೆಣ್ಣು ಗಂಡಿನ ಹೆಸರು ಬರೆದಿದ್ದರು, ಅದರ ಕೆಳಗೆ ಒರೆಸಲು ಮರೆತ ಮಳೆಯ ಚಿತ್ರ. ಇಪ್ಪತ್ತೆರಡು ಜನ ನಾವು ಬಂದು ನಿಂತಾಗ ಜೋಯಿಸರು ಗಾಬರಿಯಾದರು. ನಮ್ಮನ್ನು ಎಲ್ಲಿ ಕೂರಿಸಬೇಕು ಎಂದು ಅವರಿಗೆ ತಿಳಿಯಲಿಲ್ಲ. ತೂಕಕ್ಕೆ ಕೂತವರಿಗೆ ಊಟ ಯಾವಾಗ ಕಳಿಸಬೇಕು ಎಂದು ಅವರ ಶಾಸ್ತ್ರದಲ್ಲಿ ಇತ್ತು. ಕೂರದೆ ಇದ್ದವರ ಬಗ್ಗೆ ಏನೂ ಬರೆದಿರಲಿಲ್ಲ. ಬರೆಯದೆ ಇದ್ದದ್ದಕ್ಕೆ ದೋಷವೂ ಇರಲಾರದು ಎಂದು ನಾನೇ ಅರ್ಥ ಹೇಳಿ ಮುಂದಿನ ಚಾಪೆಯಲ್ಲಿ ಕೂತೆ. ಮಂಟಪದಿಂದ ಮೂರು ಮಾರು ದೂರ. ಗಂಡಿನ ಕಡೆಯ ಇಬ್ಬರು ಹೆಂಗಸರು ನಮ್ಮನ್ನು ನೋಡಿ ಮೂಗು ಮುರಿದು ಸರಿದು ಕೂತರು. ಸರಿದದ್ದರಿಂದ ನಮಗೆ ಕಾಲು ಚಾಚಲು ಜಾಗವಾಯಿತು. ಅಭ್ಯಾಸದ ಮೇಲೆ ನಾನು ಹಿತ್ತಾಳೆ ತಟ್ಟೆಯನ್ನೂ ನಿಂಬೆಹಣ್ಣನ್ನೂ ತಂದಿದ್ದೆ. ಅವು ಇಲ್ಲದೆ ಮದುವೆ ಎಂದರೆ ನನಗೆ ಮೈಮೇಲೆ ಬಟ್ಟೆ ಇಲ್ಲದ ಹಾಗೆ. ಮುಂದೆ ಇಟ್ಟುಕೊಂಡೆ. ಹಣ್ಣು ನಡುವೆ ನಿಂತಿತ್ತು.

ಚೇರ್ಮನ್ನರು ಬೆಳಿಗ್ಗೆಯೇ ಜರಿಪಂಚೆ ಉಟ್ಟು ಪಡುವಲ ಕೊನೆಗೆ ಹೋಗಿ ನಮ್ಮ ಜಗಲಿಯ ಮೇಲೆ ಕುರ್ಚಿ ಹಾಕಿಸಿಕೊಂಡಿದ್ದರು. ಕಾಳಿಂಗಯ್ಯನವರು ಮೂಡಲ ಕೊನೆಯಲ್ಲಿ ಇನ್ನೂ ಎತ್ತರದ ಕುರ್ಚಿ ಹಾಕಿಸಿದ್ದರು. ಇಬ್ಬರಿಗೂ ಪಾಯಸ ಹೊತ್ತುಕೊಂಡು ಹೋಗಲು ಎರಡು ಕಡೆಗೂ ಒಬ್ಬೊಬ್ಬ ಆಳು ಹೊರಟಿದ್ದ. ಪಡುವಲದವನು ನಾಲ್ಕು ಹೆಜ್ಜೆ ಮುಂದೆ ಹೋದ. ಅಷ್ಟೇ ಆದದ್ದು. ಅಷ್ಟು ದೂರದಿಂದ ಅದು ಕಾಳಿಂಗಯ್ಯನವರ ಕಣ್ಣಿಗೆ ಹೇಗೆ ಬಿತ್ತೋ ಗೊತ್ತಿಲ್ಲ, ಆದರೆ ಪಾಯಸದ ವಿಷಯದಲ್ಲಿ ಅವರ ಕಣ್ಣು ಹದ್ದಿನದು.

ಜೋಯಿಸರು ತಾಳಿಯನ್ನು ಎಲ್ಲರಿಗೂ ಮುಟ್ಟಿಸಿ ಗಂಡಿನ ಕೈಗೆ ಕೊಟ್ಟರು. ಚಂದ್ರಿ ತಲೆ ಎತ್ತಿ ನನ್ನನ್ನು ಹುಡುಕಿದಳು, ಕಂಡಳು, ಬಾಯಿ ಬಿಗಿದು ನಗು ನುಂಗಿದಳು. ವಾಲಗದವನು ಉಸಿರು ತುಂಬಿಕೊಂಡ. ಆಗಲೇ ನನ್ನ ಕುಂಡಿಯ ಮೂಳೆಗೆ ಗೊತ್ತಾಯಿತು. ಊರು ಪಡುವಲಕ್ಕೆ ಇಳಿಯುತ್ತಿದೆ. ಕಾಳಿಂಗಯ್ಯನವರು ಕುರ್ಚಿ ಬಿಟ್ಟು ಎದ್ದು, ಇದು ಯಾವ ನ್ಯಾಯ ಎಂದು ಕೇಳಲು ನಡುವಿನ ಕಡೆಗೆ ನಡೆದು ಬರುತ್ತಿದ್ದರು. ಒಂದೊಂದು ಹೆಜ್ಜೆಗೂ ಊರು ಒಂದೊಂದು ಬೆರಳು ಕುಸಿಯಿತು. ಕಳಸದ ತೆಂಗಿನಕಾಯಿ ಉರುಳಿತು. ದೀಪದ ಎಣ್ಣೆ ಒಂದು ಕಡೆಗೆ ತುಳುಕಿತು. ಗಂಡು ತಾಳಿ ಹಿಡಿದ ಕೈಯನ್ನು ಚಾಚಿಕೊಂಡೇ ಜಾರತೊಡಗಿದ.

ಆಗ ಚಪ್ಪರದಲ್ಲಿದ್ದ ಇನ್ನೂರು ಮುಖಗಳೂ ಒಟ್ಟಿಗೆ ನಮ್ಮ ಕಡೆಗೆ ತಿರುಗಿದವು. ಊರು ವಾಲಿದರೆ ಯಾರ ಕಡೆ ನೋಡಬೇಕು ಎಂದು ಅವರ ಕತ್ತಿಗೆ ಗೊತ್ತಿತ್ತು. ನಾಚಿಕೆಯ ವಿಷಯ ಹೇಳುತ್ತೇನೆ, ನಾನೂ ಎದ್ದು ನಿಂತಿದ್ದೆ. ಇಪ್ಪತ್ತೊಂದು ಜನವೂ ಎದ್ದಿದ್ದರು. ಓಡಿ ಮೂಡಲಕ್ಕೆ ಹೋಗಿ ಕೂತರೆ ಸರಿಹೋಗುತ್ತದೆ, ತಾಳಿ ಇನ್ನೊಬ್ಬರು ನೋಡಿ ಹೇಳುತ್ತಾರೆ ಎಂದು ನನ್ನ ಕಾಲು ನನ್ನನ್ನು ಕೇಳದೆ ಲೆಕ್ಕ ಹಾಕಿಬಿಟ್ಟಿತ್ತು.

"ನೀವು ಕೂತ್ಕಳ್ರಜ್ಜಿ" ಎಂದು ಮಂಗಳಿ ನನ್ನ ಸೆರಗು ಹಿಡಿದು ಜಗ್ಗಿದಳು. "ಇದು ಆರನೇ ಗೆರೆ ಕೆಲ್ಸ."

ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಶಾಲೆಯ ಅಷ್ಟೂ ಮಕ್ಕಳು ಮೂಡಲಕ್ಕೆ ಓಡಿದರು. ಕೈಯಲ್ಲಿ ಅಕ್ಷತೆ, ಬಾಯಲ್ಲಿ ಲಾಡು. ಆರನೇ ಗೆರೆಯ ಹತ್ತಿರ ನಿಂತರು. ಮಂಗಳಿ ಟಾನಿಕ್ ಬಾಟಲಿ ಎತ್ತಿ ಹಿಡಿದು ನೋಡಿ ಸಾಲದು ಎಂದು ಕೂಗಿದಳು. ಏಳಕ್ಕೆ ಓಡಿದರು, ಎಂಟಕ್ಕೆ ಓಡಿದರು. ದೊಡ್ಡ ಮನುಷ್ಯರೊಬ್ಬರು ಒಳಕ್ಕೆ ಬಂದಷ್ಟೂ ಸಣ್ಣ ಮಕ್ಕಳು ಹೊರಕ್ಕೆ ಓಡುತ್ತಿದ್ದರು. ನಾನು ನಿಂತಲ್ಲೇ ಬಗ್ಗಿ ನಿಂಬೆಹಣ್ಣು ನೋಡಿದೆ. ತಟ್ಟೆಯ ಅಂಚಿನಲ್ಲಿ ಹೋಗಿ ಕೂತಿತ್ತು. ಅಲ್ಲಾಡಿತು. ಮೆಲ್ಲಗೆ ಹೊರಟಿತು. ಬಾ ನನ್ನಪ್ಪ, ಬಾ ಅಂದೆ. ನಡುವಿನವರೆಗೆ ಬಂತು, ಒಂದು ಬೆರಳು ಮುಂದಕ್ಕೆ ಹೊರಳಿತು, ಹಿಂದಕ್ಕೆ ಬಂದು ನಿಂತಿತು.

ಗಟ್ಟಿಮೇಳ ನಿಂತಿತ್ತು. ಎಲ್ಲರೂ ಅಕ್ಷತೆ ಹಾಕಿ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದರು. ತಲೆ ಎತ್ತಿ ನೋಡಿದರೆ ಚಂದ್ರಿಯ ಕೊರಳಲ್ಲಿ ತಾಳಿ ಇತ್ತು.

ಮೂರು ಮಾರು ದೂರದಲ್ಲಿದ್ದೆ. ನಡುವೆ ಒಂದು ಕಂಬವೂ ಇರಲಿಲ್ಲ. ನಾನು ನಿಂಬೆಹಣ್ಣು ನೋಡುತ್ತಿದ್ದೆ.

ಊಟದ ಪಂಕ್ತಿಯಲ್ಲಿ ಚಂದ್ರಿ ಬಂದು ಪಕ್ಕದಲ್ಲಿ ಕೂತಳು. ನೋಡಿದೆಯಾ ಎಂದು ಕೇಳಿದಳು. ನನಗೆ ಬಣ್ಣ ಹಚ್ಚಿ ಹೇಳುವುದು ಹೊಸದೇ? ಗಂಡು ದಾರದ ತುದಿಗೆ ಹೇಗೆ ತಡಕಾಡಿದ, ಮೂರು ಗಂಟು ಹಾಕಲು ಎಷ್ಟು ಹೊತ್ತು ಹಿಡಿಯಿತು, ಅವಳ ಕೊರಳಿನ ಮೇಲೆ ಅರಿಶಿನ ಹೇಗೆ ಬೆವರಿನಲ್ಲಿ ಇಳಿಯಿತು, ಎಲ್ಲವನ್ನೂ ಹೇಳಿದೆ. ಅವಳು ಅರ್ಧ ಕೇಳಿ, "ಎರಡೇ ಗಂಟು ಕಣಜ್ಜಿ. ಮೂರನೇದು ನಾದ್ನಿ ಹಾಕಿದ್ಲು" ಎಂದು ನನ್ನ ಎಲೆಗೆ ಪಾಯಸ ಬಡಿಸಿದಳು. ಬಿಸಿ ಪಾಯಸ. ನಾಲಿಗೆ ಸುಟ್ಟುಕೊಂಡೆ. ನಲವತ್ತೊಂದು ವರ್ಷ ತಣ್ಣಗಿನದು ತಿಂದ ನಾಲಿಗೆಗೆ ಮದುವೆಯ ಪಾಯಸ ಬಿಸಿ ಇರುತ್ತದೆ ಎನ್ನುವುದೇ ಮರೆತುಹೋಗಿತ್ತು.

ಆ ನಿಂಬೆಹಣ್ಣನ್ನು ಮಾರನೆಯ ದಿನ ಕುಯ್ದು ಉಪ್ಪಿನಕಾಯಿಗೆ ಹಾಕಿದೆ. ಆಮೇಲೆ ನಮ್ಮ ಊರಿನಲ್ಲಿ ಹನ್ನೊಂದು ಮದುವೆಗಳಾದವು, ಎಲ್ಲವೂ ಶಾಲೆಯ ಅಂಗಳದಲ್ಲೇ. ಹನ್ನೊಂದು ತಾಳಿಯನ್ನೂ ಕಣ್ಣು ಮಿಟುಕಿಸದೆ ನೋಡಿದ್ದೇನೆ. ಅಂಥ ಏನೂ ಇಲ್ಲ, ಹೊಗೆ ಜಾಸ್ತಿ. ಮೇಷ್ಟ್ರು ಈಗ ಮಳೆ ಅಳೆಯಲು ಬಾಟಲಿ ಕತ್ತರಿಸುತ್ತಿದ್ದಾರೆ, ಅಪ್ಪಂದಿರು ತಾವಾಗಿಯೇ ಬಾಟಲಿ ತಂದುಕೊಡುತ್ತಾರೆ. ಛತ್ರದಲ್ಲಿ ಈರುಳ್ಳಿ ತುಂಬಿದ್ದಾರೆ.

ಚೇರ್ಮನ್ನರಿಬ್ಬರೂ ಮಾತ್ರ ಒಂದು ಮದುವೆಯನ್ನೂ ತಪ್ಪಿಸಿಲ್ಲ. ಮಕ್ಕಳು ಓಡಿದ್ದನ್ನು ಅವರು ಕಂಡಿರಲಿಲ್ಲ, ಅಥವಾ ಕಂಡರೂ ಬೇಡವಾಗಿತ್ತು. ತಾವು ಎದ್ದರೆ ಊರು ವಾಲುತ್ತದೆ ಎನ್ನುವುದು ಆ ದಿನ ರುಜುವಾತಾಯಿತಲ್ಲ, ಅದೇ ಅವರಿಗೆ ಸಾಕಾಯಿತು. ಸೂರ್ಯ ಮೇಲೆ ಬರುವ ಮೊದಲೇ ಒಬ್ಬರು ಆ ಕೊನೆಗೆ, ಒಬ್ಬರು ಈ ಕೊನೆಗೆ. ಒಬ್ಬರು ಎದ್ದರೆ ಇನ್ನೊಬ್ಬರೂ ಏಳಬೇಕು, ಆದ್ದರಿಂದ ಇಬ್ಬರೂ ಏಳುವುದಿಲ್ಲ. ಇಬ್ಬರೂ ಮನೆಯಲ್ಲೇ ಮಲಗಿದ್ದರೂ ಆಗುತ್ತಿತ್ತು ಎಂದು ಮೇಷ್ಟ್ರಿಗೆ ಗೊತ್ತು, ಮಂಗಳಿಗೆ ಗೊತ್ತು, ಈಗ ಊರಿನ ಕೂಸುಗಳಿಗೂ ಗೊತ್ತು. ಅವರಿಗೆ ಪಾಯಸ ಹೊತ್ತುಕೊಂಡು ಹೋಗುವುದು ನಾವೇ, ಸರದಿಯ ಮೇಲೆ. ಹೋಗುವಷ್ಟರಲ್ಲಿ ತಣ್ಣಗಾಗಿರುತ್ತದೆ, ಏನು ಮಾಡುವುದು, ದಾರಿ ಉದ್ದ. ಹೋದ ವಾರ ನನ್ನ ಸರದಿ. ಮರಿಸಿದ್ದಪ್ಪನವರು ಜಗಲಿಯ ಮೇಲೆ ಬಿಸಿಲಿನಲ್ಲಿ ಕೂತಿದ್ದರು. ಊರು ಸಮ ಇದೆಯಾ ಎಂದು ಕೇಳಿದರು. ನಿಮ್ಮ ದಯೆ ಎಂದೆ. ಅವರಿಗೆ ಸಂತೋಷವಾಗಿ ತುಟಿಯಂಚು ಮೇಲಕ್ಕೆ ಹೊರಟಿತು.

"ನಗ್ಬೇಡಿ ಚೇರ್ಮನ್ರೆ" ಎಂದೆ.

ಅವರು ತಟ್ಟನೆ ಮುಖ ಇಳಿಬಿಟ್ಟುಕೊಂಡರು.